ಮಧ್ಯಾಹ್ನ ಎರಡು ಗಂಟೆಯ ಕರೆಂಟು

2011ರ ಮಾರ್ಚ್ 11ರ ಭೂಕಂಪ ಮತ್ತು ಸುನಾಮಿಯಿಂದ ಫುಕುಶಿಮಾ ದಾಯಿಚಿ ಅಣುಸ್ಥಾವರ ಕೈಕೊಟ್ಟಿತು. ಮೂರೇ ದಿನಕ್ಕೆ ಟೋಕಿಯೊ ಸುತ್ತಮುತ್ತ ಕರೆಂಟು ಒದಗಿಸುವ ಟೆಪ್ಕೊ ಕಂಪನಿ ಸರದಿಯಂತೆ ವಿದ್ಯುತ್ ಕಡಿತ ಶುರುಮಾಡಿತು. ಲೋಡ್‌ಶೆಡ್ಡಿಂಗ್ ನಮ್ಮ ಊರಿನ ಮಕ್ಕಳಿಗೂ ಗೊತ್ತು. ಜಪಾನಿನ ಒಂದಿಡೀ ತಲೆಮಾರಿಗೆ ಅದು ಹೊಸದು. ದೇಶದ ಪಶ್ಚಿಮದಲ್ಲಿ ಕರೆಂಟು ಇತ್ತು, ಆದರೆ ತರಿಸಿಕೊಳ್ಳುವ ದಾರಿ ಕಿರಿದು. ಪೂರ್ವ ಜಪಾನಿನದು 50 ಹರ್ಟ್ಸ್, ಪಶ್ಚಿಮದ್ದು 60. ಒಂದನ್ನು ಇನ್ನೊಂದಕ್ಕೆ ಮಾರ್ಪಡಿಸಿ ಹರಿಸುವ ಸಾಮರ್ಥ್ಯ ಆಗ ಸುಮಾರು 1,000 ಮೆಗಾವಾಟ್ ಅಷ್ಟೇ. ಟೆಪ್ಕೊ ಪ್ರದೇಶದ ಬೇಡಿಕೆಯೋ ಹಿಂದಿನ ಬೇಸಿಗೆಯಲ್ಲಿ 60,000 ಮೆಗಾವಾಟ್ ಹತ್ತಿರ ಹೋಗಿತ್ತು.

ಬೇಸಿಗೆ ಬರುವಷ್ಟರಲ್ಲಿ ಸರ್ಕಾರ ಕಾನೂನನ್ನೇ ಬಳಸಿತು. 500 ಕಿಲೋವಾಟ್ ಅಥವಾ ಅದಕ್ಕಿಂತ ದೊಡ್ಡ ಸಂಪರ್ಕವಿದ್ದವರು ಜುಲೈ 1ರಿಂದ, ಕೆಲಸದ ದಿನಗಳಲ್ಲಿ ಬೆಳಗ್ಗೆ 9ರಿಂದ ರಾತ್ರಿ 8ರವರೆಗೆ, ಹಿಂದಿನ ವರ್ಷದ ಗರಿಷ್ಠ ಬೇಡಿಕೆಗಿಂತ ಶೇ. 15ರಷ್ಟು ಕೆಳಗೇ ಇರಬೇಕು. ಬೇಕೆಂದೇ ಮೀರಿದರೆ 10 ಲಕ್ಷ ಯೆನ್‌ವರೆಗೆ ದಂಡ. ಆಸ್ಪತ್ರೆಗಳಿಗೆ ರಿಯಾಯಿತಿ ಸಿಕ್ಕಿತು, ವಿಶ್ವವಿದ್ಯಾಲಯಗಳಿಗೆ ಸಿಗಲಿಲ್ಲ. ಆದರೂ ಟೋಕಿಯೊ ವಿಶ್ವವಿದ್ಯಾಲಯ ತನಗೆ ತಾನೇ ಹಾಕಿಕೊಂಡ ಗುರಿ ಅದರ ಎರಡರಷ್ಟು: ಶೇ. 30.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಬಿಲ್ಲಿನಲ್ಲಿ ಕಾಣುವ ಯೂನಿಟ್ಟು ತಿಂಗಳಿಡೀ ಬಳಸಿದ ಒಟ್ಟು ಲೆಕ್ಕ. ಅಭಾವದ ದಿನಗಳಲ್ಲಿ ವಿದ್ಯುತ್ ಜಾಲವನ್ನು ಕಾಡುವುದು ಆ ಒಟ್ಟು ಮೊತ್ತವಲ್ಲ, ಎಲ್ಲರೂ ಒಮ್ಮೆಗೇ ಕೇಳುವ ಗಳಿಗೆ. ಜಾತ್ರೆಯ ದಿನ ಬಸ್ಸಿಗೆ ನೂಕುನುಗ್ಗಲಾದರೆ ಮಾರನೆಯ ದಿನ ಖಾಲಿ ಓಡುವ ಬಸ್ಸಿನಿಂದ ಯಾರಿಗೂ ಉಪಯೋಗವಿಲ್ಲ. ಟೋಕಿಯೊಗೆ ಆ ಗಳಿಗೆ ಬೇಸಿಗೆಯ ಮಧ್ಯಾಹ್ನ, ಎಲ್ಲ ಏಸಿಗಳೂ ಒಟ್ಟಿಗೆ ಓಡುವ ಹೊತ್ತು. ಅದಕ್ಕೇ ಅಲ್ಲಿನ ಕಾರು ಕಂಪನಿಗಳು ವಾರದ ರಜೆಯನ್ನು ಗುರುವಾರ, ಶುಕ್ರವಾರಕ್ಕೆ ಬದಲಿಸಿ ಶನಿವಾರ, ಭಾನುವಾರ ಕಾರ್ಖಾನೆ ನಡೆಸಿದವು. ಬಳಕೆ ಹೆಚ್ಚುಕಡಿಮೆ ಅಷ್ಟೇ ಉಳಿಯಿತು, ಹೊತ್ತು ಬದಲಾಯಿತು.

ವಿಶ್ವವಿದ್ಯಾಲಯಕ್ಕೆ ಹಾಗೆ ಮಾಡುವುದು ಸುಲಭವಲ್ಲ. ಅಲ್ಲಿ ನೂರಾರು ಪ್ರಯೋಗಾಲಯಗಳು, ಪ್ರತಿಯೊಂದಕ್ಕೂ ಒಬ್ಬ ಯಜಮಾನ, ಯಾರೂ ಯಾರ ಮಾತನ್ನೂ ಕೇಳಬೇಕಿಲ್ಲ. ಅದೃಷ್ಟಕ್ಕೆ ಟೋಕಿಯೊದವರು ಮೂರು ವರ್ಷ ಮೊದಲೇ ಸಿದ್ಧತೆ ನಡೆಸಿದ್ದರು. ಪ್ರಾಧ್ಯಾಪಕ ಹಿರೋಶಿ ಎಸಾಕಿ ನೇತೃತ್ವದಲ್ಲಿ 2008ರಲ್ಲಿ ಆರಂಭವಾದ ಯೋಜನೆಯೊಂದು ಹೊಂಗೊ ಕ್ಯಾಂಪಸ್ಸಿನ ಎಂಜಿನಿಯರಿಂಗ್ 2ನೇ ಕಟ್ಟಡದ ಮೂಲೆಮೂಲೆಗೂ ಅಳತೆಯ ಸಾಧನಗಳನ್ನು ಜೋಡಿಸಿತ್ತು. ದೀಪ ಒಂದು ಕಂಪನಿಯದು, ಏಸಿ ಇನ್ನೊಂದರದು, ಮೀಟರು ಮತ್ತೊಂದರದು. ಒಂದರ ಮಾಹಿತಿ ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ. ಎಲ್ಲವನ್ನೂ ಒಂದೇ ಜಾಲಕ್ಕೆ ತರುವ ಈ ಪ್ರಯತ್ನವೇ 2011ರಲ್ಲಿ ಐಇಇಇ 1888 ಎಂಬ ಅಂತರರಾಷ್ಟ್ರೀಯ ಮಾನದಂಡವಾಯಿತು. ಆ ಬೇಸಿಗೆಯಲ್ಲಿ 2ನೇ ಕಟ್ಟಡದ ಗರಿಷ್ಠ ಬೇಡಿಕೆ ಶೇ. 40ಕ್ಕೂ ಹೆಚ್ಚು ಇಳಿಯಿತು. ವಿಶ್ವವಿದ್ಯಾಲಯವೂ ತನ್ನ ಗುರಿ ಮುಟ್ಟಿತು. ಟೆಪ್ಕೊ ಪ್ರದೇಶದ ಗರಿಷ್ಠ ಬೇಡಿಕೆ ಆಗಸ್ಟ್ 18ರಂದು 49,220 ಮೆಗಾವಾಟ್‌ಗೇ ನಿಂತಿತು. ಬೇಸಿಗೆಯಲ್ಲಿ ಸರದಿ ಕಡಿತದ ಅಗತ್ಯವೇ ಬೀಳಲಿಲ್ಲ.

ಇದೆಲ್ಲ ಸುಖವಾಗಿ ನಡೆಯಿತೆಂದಲ್ಲ. ಕಚೇರಿಗಳಲ್ಲಿ ಏಸಿಯನ್ನು 28 ಡಿಗ್ರಿಗೆ ನಿಲ್ಲಿಸಿ ಜನ ಬೆವರಿದರು. ವಯಸ್ಸಾದವರು ಉಳಿತಾಯದ ಹುರುಪಿನಲ್ಲಿ ಏಸಿಯನ್ನೇ ಆರಿಸಬಾರದೆಂದು ಸರ್ಕಾರವೇ ಕೇಳಿಕೊಳ್ಳಬೇಕಾಯಿತು.

ಕ್ಯಾಂಪಸ್ಸಿನ ಉಳಿತಾಯವೆಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಸ್ವಿಚ್ಚಿನ ಪಕ್ಕ ಅಂಟಿಸಿದ ‘ಫ್ಯಾನ್ ಆರಿಸಿ ಹೊರಡಿ’ ಚೀಟಿ. ಅದು ಇರಲಿ. ಆದರೆ ಸಂಶೋಧನೆ ನಡೆಯುವ ಕ್ಯಾಂಪಸ್ಸಿನಲ್ಲಿ ಕರೆಂಟು ನುಂಗುವವರು ಬೇರೆಯೇ ಇದ್ದಾರೆ, ಅವರಿಗೆ ರಾತ್ರಿಯೆಂಬುದಿಲ್ಲ. ಜೀವವಿಜ್ಞಾನದ ಮಾದರಿಗಳನ್ನು ಮೈನಸ್ 80 ಡಿಗ್ರಿಯಲ್ಲಿ ಇಡುವ ಹಳೆಯ ಫ್ರೀಜರ್ ಒಂದು ದಿನಕ್ಕೆ ಸುಮಾರು 20 ಯೂನಿಟ್ ತಿನ್ನಬಲ್ಲದು. ತಿಂಗಳಿಗೆ 600. ಕರ್ನಾಟಕದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯ ಮಿತಿ ತಿಂಗಳಿಗೆ 200 ಯೂನಿಟ್ ಎಂಬುದನ್ನು ನೆನೆದರೆ, ಮೂರು ಮನೆಗಳ ಪಾಲು ಒಂದು ಪೆಟ್ಟಿಗೆಗೆ. ಅದನ್ನು ಮೈನಸ್ 70ಕ್ಕೆ ಏರಿಸಿದರೆ ಬಳಕೆ ಶೇ. 30ರ ಆಸುಪಾಸು ತಗ್ಗುತ್ತದೆ, ಬಹುಪಾಲು ಮಾದರಿಗಳಿಗೆ ಏನೂ ಆಗುವುದಿಲ್ಲ. ಇದನ್ನು ಮೊದಲು ಒಪ್ಪಬೇಕಾದವರು ವಿಜ್ಞಾನಿಗಳು. ಅವರನ್ನು ಒಪ್ಪಿಸುವುದು ಫ್ಯಾನ್ ಆರಿಸುವಷ್ಟು ಹಗುರವಲ್ಲ. ರಸಾಯನಶಾಸ್ತ್ರ ವಿಭಾಗದಲ್ಲಿ ವಿಷದ ಹೊಗೆ ಎಳೆದು ಹೊರಹಾಕುವ ಫ್ಯೂಮ್‌ಹುಡ್‌ಗಳಿರುತ್ತವೆ. ಅವು ಹೊಗೆಯ ಜೊತೆ ಏಸಿ ತಂಪು ಮಾಡಿದ ಗಾಳಿಯನ್ನೂ ಹೊರಗೆ ತಳ್ಳುತ್ತವೆ. ಗಾಳಿಯ ಹರಿವು ತಾನೇ ತಗ್ಗುವ ವ್ಯವಸ್ಥೆಯಿದ್ದಲ್ಲಿ, ಕೆಲಸವಿಲ್ಲದಾಗ ಹುಡ್‌ನ ಗಾಜಿನ ಬಾಗಿಲನ್ನು ಕೆಳಗಿಳಿಸಿದರೆ ಸಾಕು. ಹಾರ್ವರ್ಡ್ ವಿಶ್ವವಿದ್ಯಾಲಯದವರು ಇದಕ್ಕಾಗಿ ಪ್ರಯೋಗಾಲಯಗಳ ನಡುವೆ ಸ್ಪರ್ಧೆಯನ್ನೇ ಏರ್ಪಡಿಸಿದ್ದರು.

ಕರ್ನಾಟಕಕ್ಕೆ ಇಂಥ ಲೆಕ್ಕಾಚಾರ ಹತ್ತಿರ ಬಂದದ್ದು 2023ರ ಬರಗಾಲದಲ್ಲಿ. ಮಳೆ ಕೈಕೊಟ್ಟು ಜಲವಿದ್ಯುತ್ತಿಗೆ ಆಧಾರವಾದ ಲಿಂಗನಮಕ್ಕಿ ಜಲಾಶಯ ತುಂಬಲಿಲ್ಲ. ಅಕ್ಟೋಬರಿನಲ್ಲೇ ಪಂಪ್‌ಸೆಟ್ಟುಗಳು ಓಡಿ ಬೇಡಿಕೆ ಏರಿತು. ರೈತರಿಗೆ ಕೊಡುತ್ತಿದ್ದ ಏಳು ಗಂಟೆಯ ತ್ರೀ ಫೇಸ್ ಐದಕ್ಕೆ ಇಳಿಯಿತು, ಹೊರರಾಜ್ಯಗಳಿಂದ ಕರೆಂಟು ತರಿಸಬೇಕಾಯಿತು. ಆದರೆ ಟೋಕಿಯೊದ ಗಡಿಯಾರವನ್ನು ಇಲ್ಲಿಗೆ ಹಾಗೆಯೇ ತಂದರೆ ತಪ್ಪಾದೀತು. ಪಾವಗಡದಂಥ ಸೋಲಾರ್ ಪಾರ್ಕುಗಳಿರುವ ರಾಜ್ಯದಲ್ಲಿ ಬಿಸಿಲಿನ ಹೊತ್ತು ಅಷ್ಟು ಕಷ್ಟದ್ದಲ್ಲ. ಬಿಸಿಲು ಇಳಿದು, ಮನೆಗಳಲ್ಲಿ ದೀಪ ಹತ್ತುವ ಸಂಜೆಯೇ ಇಕ್ಕಟ್ಟಿನದು.

ಹಾಗಾಗಿ ಇಲ್ಲಿನ ಕಾಲೇಜಿಗೆ ಎಲ್ಲಕ್ಕಿಂತ ಅಗ್ಗದ ಉಪಾಯ ಓವರ್‌ಹೆಡ್ ಟ್ಯಾಂಕಿನಲ್ಲಿದೆ: ಹಾಸ್ಟೆಲಿನ ನೀರಿನ ಮೋಟರನ್ನು ಸಂಜೆ ಬಿಟ್ಟು ಹಗಲಿನಲ್ಲಿ ಹಾಕುವುದು. ಸುಮಾರು 75 ವಾಟ್ ಎಳೆಯುವ ಹಳೆಯ ಫ್ಯಾನಿನ ಜಾಗಕ್ಕೆ 30 ವಾಟ್ ಆಸುಪಾಸಿನ ಬಿಎಲ್‌ಡಿಸಿ ಫ್ಯಾನ್ ಹಾಕಲು ದುಡ್ಡು ಬೇಕು, ಆದರೆ ಹಾಸ್ಟೆಲಿನಲ್ಲಿ ಅದು ಸಂಜೆಯಿಂದ ಬೆಳಗಿನವರೆಗೂ ತಿರುಗುತ್ತದೆ. ಡೀಸೆಲ್ ಜನರೇಟರನ್ನು ಮಾತ್ರ ಈ ಪಟ್ಟಿಗೆ ಸೇರಿಸಬಾರದು. ಅದರಿಂದ ಕತ್ತಲು ಹೋಗುತ್ತದೆ, ಉಳಿತಾಯ ಆಗುವುದಿಲ್ಲ.

ಇನ್ನೊಂದು ಸಂಗತಿ ಕಾಲೇಜಿನ ಎಲೆಕ್ಟ್ರಿಷಿಯನ್‌ಗೆ ಗೊತ್ತಿರುತ್ತದೆ, ಪ್ರಿನ್ಸಿಪಾಲರಿಗೆ ಗೊತ್ತಿರಬೇಕೆಂದಿಲ್ಲ. ಹೈಟೆನ್ಷನ್ ಸಂಪರ್ಕದ ಬಿಲ್ಲಿನಲ್ಲಿ ಯೂನಿಟ್ಟಿನ ದರವಲ್ಲದೆ ತಿಂಗಳ ಗರಿಷ್ಠ ಬೇಡಿಕೆಗೂ ಬೇರೆ ಶುಲ್ಕವಿದೆ. ಕೆಲವು ನಿಮಿಷಗಳ ಸರಾಸರಿ ಒಮ್ಮೆ ಮೇಲೇರಿದರೂ ಮೀಟರು ಅದನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಹಾಗೆ ಮೇಲೇರಲು ತಕ್ಕ ಗಳಿಗೆಯೆಂದರೆ ಲೋಡ್‌ಶೆಡ್ಡಿಂಗ್ ಮುಗಿದು ಕರೆಂಟು ಬಂದ ತಕ್ಷಣ: ಬರಿದಾದ ಯುಪಿಎಸ್‌ಗಳೆಲ್ಲ ಒಟ್ಟಿಗೆ ಚಾರ್ಜ್ ಆಗತೊಡಗುತ್ತವೆ, ಏಸಿಗಳು ಒಟ್ಟಿಗೆ ಎದ್ದೇಳುತ್ತವೆ, ಯಾರೋ ಮೋಟರೂ ಹಾಕುತ್ತಾರೆ. ಕಟ್ಟಡಕ್ಕೊಂದರಂತೆ ಹತ್ತು ಹತ್ತು ನಿಮಿಷ ಬಿಟ್ಟು ಸ್ವಿಚ್ ಹಾಕಿದರೆ ಕಾಲೇಜಿನ ಬಿಲ್ಲೂ ಉಳಿಯುತ್ತದೆ, ಫೀಡರ್ ಮೇಲಿನ ಹೊರೆಯೂ ತಗ್ಗುತ್ತದೆ.