ಗೋಕರ್ಣಕ್ಕೆ ಹೊರಡುವ ಮುನ್ನ ಚಂದ್ರನನ್ನು ನೋಡಿ

ಮಕ್ಕಳೇ, ಪ್ರವಾಸ ಎಂದ ಕೂಡಲೇ ನೀವು ಏನೇನು ಯೋಚಿಸುತ್ತೀರಿ? ರಜೆ ಯಾವಾಗ, ಬಸ್ಸು ಎಷ್ಟು ಗಂಟೆಗೆ, ಬುತ್ತಿಗೆ ಏನು, ಅಲ್ಲವೇ? ಸಮುದ್ರದ ಊರಿಗೆ ಹೋಗುವುದಾದರೆ ಇನ್ನೂ ಒಂದನ್ನು ನೋಡಬೇಕು. ಅದು ಆಕಾಶದಲ್ಲಿದೆ!

ಉತ್ತರ ಕನ್ನಡ ಜಿಲ್ಲೆಯ ಗೋಕರ್ಣವನ್ನೇ ತೆಗೆದುಕೊಳ್ಳೋಣ. ಇದು ಮಹಾಬಲೇಶ್ವರ ದೇವಸ್ಥಾನದಿಂದ ಹೆಸರಾದ ಚಿಕ್ಕ ಊರು. ಊರಿನ ಎದುರಿನ ಕಡಲತೀರ ಉದ್ದಕ್ಕೆ ನೇರವಾಗಿದೆ. ದಕ್ಷಿಣಕ್ಕೆ ನಡೆದರೆ ನೋಟವೇ ಬೇರೆ. ಅಲ್ಲಿ ಗುಡ್ಡಗಳು ಸಮುದ್ರದೊಳಕ್ಕೆ ಕಾಲು ಚಾಚಿವೆ. ಅವುಗಳ ನಡುವೆ ಮರಳಿನ ಪುಟ್ಟ ಕೊಲ್ಲಿಗಳಿವೆ. ಮೊದಲು ಕುಡ್ಲೆ, ಆಮೇಲೆ ಓಂ, ಅದರಾಚೆ ಹಾಫ್ ಮೂನ್ ಮತ್ತು ಪ್ಯಾರಡೈಸ್.

ಒಂದೇ ಸಮುದ್ರ ಒಂದು ಕಡೆ ಬಂಡೆ, ಒಂದು ಕಡೆ ಮರಳು ಮಾಡಿದ್ದು ಹೇಗೆ? ಅಲೆಗಳು ದಡದ ಹತ್ತಿರ ಬರುವಾಗ ನೀರಿನ ಆಳ ಕಡಿಮೆಯಾಗಿ ಬಾಗುತ್ತವೆ. ಮುಂದೆ ಚಾಚಿದ ಗುಡ್ಡದ ಮೂತಿಗೆ ಎರಡೂ ಬದಿಯಿಂದ ತಿರುಗಿ ಬಂದು ಬಡಿಯುತ್ತವೆ. ಅಲ್ಲಿಯ ಮಣ್ಣು ಮರಳು ಕೊಚ್ಚಿಹೋಗಿ ಗಟ್ಟಿ ಬಂಡೆ ಮಾತ್ರ ಉಳಿಯುತ್ತದೆ. ಕೊಲ್ಲಿಯಲ್ಲಾದರೋ ಅಲೆಯ ಬಲ ಹರಡಿಹೋಗುತ್ತದೆ. ಆದ್ದರಿಂದ ಮರಳು ಅಲ್ಲಿ ಬಂದು ನಿಲ್ಲುತ್ತದೆ.

ಈ ಬಂಡೆಗಳ ಮೇಲೆ ನಡೆಯಲು ಎಲ್ಲರಿಗೂ ಆಸೆ. ಬಂಡೆಯ ಗುಂಡಿಗಳಲ್ಲಿ ನಿಂತ ನೀರಿನಲ್ಲಿ ಏಡಿ, ಸಣ್ಣ ಮೀನು, ಶಂಖದೊಳಗೆ ಮನೆ ಮಾಡಿಕೊಂಡ ಸನ್ಯಾಸಿ ಏಡಿ ಕಾಣಸಿಗುತ್ತವೆ. ಆದರೆ ಇವನ್ನು ನೋಡಲು ಇಳಿತದ ಹೊತ್ತೇ ಆಗಬೇಕು. ಗೋಕರ್ಣದ ಸಮುದ್ರ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಚಂದ್ರ ಮತ್ತು ಸೂರ್ಯರ ಆಕರ್ಷಣೆ ಇದಕ್ಕೆ ಕಾರಣ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಇಬ್ಬರ ಬಲವೂ ಕೂಡಿಕೊಂಡು ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಸುಮಾರಿಗೆ ಈ ವ್ಯತ್ಯಾಸ ಕಡಿಮೆ. ಗೋಕರ್ಣದಲ್ಲಿ ಜನ ಕಿಕ್ಕಿರಿಯುವ ಮಹಾಶಿವರಾತ್ರಿ ಅಮಾವಾಸ್ಯೆಯ ಹಿಂದಿನ ಚತುರ್ದಶಿಯಂದೇ ಬರುತ್ತದೆ ಎಂಬುದನ್ನು ಗಮನಿಸಿ. ಸಮುದ್ರದ ದೊಡ್ಡ ಏರಿಳಿತವೂ ಆಗಲೇ!

ಇಳಿತ ಎಷ್ಟು ಹೊತ್ತಿಗೆ? ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಚಂದ್ರನೂ ಸ್ವಲ್ಪ ಮುಂದೆ ಹೋಗಿರುತ್ತಾನೆ. ಅವನ ಎದುರಿಗೆ ಬರಲು ಭೂಮಿಗೆ ಸುಮಾರು 50 ನಿಮಿಷ ಹೆಚ್ಚು ಬೇಕು. ಹಾಗಾಗಿ ಇಳಿತವೂ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಇಂದು ಸಂಜೆ 4 ಗಂಟೆಗೆ ಇಳಿತ ಎಂದುಕೊಳ್ಳಿ. ನಾಲ್ಕು ದಿನ ಕಳೆದರೆ 200 ನಿಮಿಷ, ಅಂದರೆ 3 ಗಂಟೆ 20 ನಿಮಿಷ ತಡ. ಆಗ ಇಳಿತ ಸಂಜೆ 7 ಗಂಟೆ 20 ನಿಮಿಷಕ್ಕೆ. ಕತ್ತಲಾಗಿರುತ್ತದೆ, ಉಪಯೋಗವಿಲ್ಲ. ಒಂದು ಇಳಿತಕ್ಕೂ ಇನ್ನೊಂದಕ್ಕೂ ಸುಮಾರು 12 ಗಂಟೆ 25 ನಿಮಿಷ ಅಂತರ. ಹಿಂದಕ್ಕೆ ಎಣಿಸಿದರೆ ಬೆಳಿಗ್ಗೆ 6 ಗಂಟೆ 55 ನಿಮಿಷ. ಸರಿ, ಅಂದು ಬೆಳಿಗ್ಗೆ ಎದ್ದು ಮೊದಲು ಬಂಡೆಗಳ ಬಳಿಗೆ ಹೋಗಬೇಕು, ದೇವಸ್ಥಾನ ಮತ್ತು ಪೇಟೆ ಆಮೇಲೆ. ಇದು ಅಂದಾಜು ಲೆಕ್ಕ. ಸರಿಯಾದ ಸಮಯವನ್ನು ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ ಮೊದಲೇ ಪ್ರಕಟಿಸುತ್ತದೆ. ಊರಿನ ಮೀನುಗಾರರನ್ನು ಕೇಳಿದರೂ ಹೇಳುತ್ತಾರೆ.

ಇಷ್ಟೆಲ್ಲ ಲೆಕ್ಕ ಏಕೆ ಎಂದಿರಾ? ಇಳಿತದಲ್ಲಿ ಒಣಗಿದ್ದ ದಾರಿಯಲ್ಲಿ ನೀವು ಬಂಡೆಯ ತುದಿಗೆ ಹೋಗಿ ಸಮುದ್ರದ ಕಡೆ ಮುಖಮಾಡಿ ಕುಳಿತಿದ್ದೀರಿ. ನೀರು ಏರತೊಡಗಿದಾಗ ಮೊದಲು ತುಂಬುವುದು ತಗ್ಗಿನ ಜಾಗ, ಅಂದರೆ ನಿಮ್ಮ ಬೆನ್ನ ಹಿಂದಿನ ದಾರಿ! ಆದ್ದರಿಂದ ಇಳಿತಕ್ಕೆ ಒಂದು ಗಂಟೆ ಮೊದಲೇ ಹೋಗಿ, ನೀರು ತಿರುಗಿದ ಕೂಡಲೇ ದಡಕ್ಕೆ ಬನ್ನಿ. ಗಡಿಯಾರ ಇಲ್ಲದಿದ್ದರೆ ಬಂಡೆಯನ್ನೇ ಓದಬಹುದು. ಬಂಡೆಗೆ ಅಂಟಿದ ಬಿಳಿಯ, ಚೂಪಾದ ಚಿಪ್ಪುಗಳೇ ಬಾರ್ನಕಲ್‌ಗಳು. ನೀರಿನಲ್ಲಿ ಮುಳುಗಿದಾಗ ಮಾತ್ರ ಅವು ಬಾಯಿ ತೆರೆದು ಆಹಾರ ಹಿಡಿಯುತ್ತವೆ. ಚಿಪ್ಪು ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಸಮುದ್ರ ಬರುತ್ತದೆ ಎಂದು ತಿಳಿಯಿರಿ. ಹಸಿರು ಪಾಚಿ ಕಂಡಲ್ಲಿ ಕಾಲಿಡಬೇಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಪ್ರವಾಸ ಬೇಡವೇ ಬೇಡ. ಮಳೆಗಾಲದ ಮೊದಲ ಎರಡು ತಿಂಗಳು, ಜೂನ್ ಮತ್ತು ಜುಲೈಯಲ್ಲಿ, ಯಾಂತ್ರೀಕೃತ ದೋಣಿಗಳೇ ಕಡಲಿಗೆ ಇಳಿಯುವುದಿಲ್ಲ. ಬೇರೆ ತಿಂಗಳಲ್ಲೂ ಮೊಣಕಾಲಿಗಿಂತ ಆಳಕ್ಕೆ ಹೋಗಬೇಡಿ. ದಡಕ್ಕೆ ಬಂದ ಅಲೆಯ ನೀರು ಕೆಲವೆಡೆ ಒಂದೇ ಕಾಲುವೆಯಾಗಿ ರಭಸದಿಂದ ಹಿಂದಕ್ಕೆ ಹರಿಯುತ್ತದೆ. ಇದೇ ಸೆಳೆತ. ಅದರ ಎದುರು ಈಜಿದರೆ ಒಳ್ಳೆಯ ಈಜುಗಾರನೂ ಸೋಲುತ್ತಾನೆ. ಸಿಕ್ಕಿಕೊಂಡವರು ಕೈ ಎತ್ತಿ ಕೂಗಬೇಕು, ತೇಲುತ್ತಾ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಬೇಕು. ನೋಡಿದವರು ನೀರಿಗೆ ಹಾರಬಾರದು. ಖಾಲಿ ಕ್ಯಾನು, ಹಗ್ಗ, ಏನು ಸಿಕ್ಕರೂ ಎಸೆದು ದೊಡ್ಡವರನ್ನು ಕರೆಯಬೇಕು.

ಹಿಂದಿರುಗುವಾಗ ಹತ್ತಿರದ ಸಾಣಿಕಟ್ಟೆಯ ಉಪ್ಪಿನ ಆಗರ ನೋಡಲು ಮರೆಯದಿರಿ. ಉಬ್ಬರದಲ್ಲಿ ಏರಿಬಂದ ಉಪ್ಪುನೀರನ್ನು ಅಲ್ಲಿ ಬಿಸಿಲಿಗೆ ಒಣಗಿಸುತ್ತಾರೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಹಾಗಾದರೆ ಒಂದು ಕಿಲೋ ಲವಣ ಸಿಗಲು ಎಷ್ಟು ಲೀಟರ್ ನೀರು ಒಣಗಬೇಕು? ಬಸ್ಸಿನಲ್ಲಿ ಕುಳಿತು ಲೆಕ್ಕ ಹಾಕಿ.