ಎಲ್‌ಇಡಿ ಘೋಸ್ಟಿಂಗ್

ಎಲ್‌ಇಡಿ ಘೋಸ್ಟಿಂಗ್ ಎಂದರೆ ಪೂರ್ತಿಯಾಗಿ ಆರಿರಬೇಕಾದ ಎಲ್‌ಇಡಿಯು ಮಂದವಾಗಿ ಹೊಳೆಯುತ್ತಲೇ ಇರುವ ದೋಷ. ಡ್ರೈವರ್ ಚಿಪ್‌ಗಳ ಮೂಲಕ ಅನೇಕ ಎಲ್‌ಇಡಿಗಳನ್ನು ನಿಯಂತ್ರಿಸುವ ಮಂಡಲಗಳಲ್ಲಿ, ಅದರಲ್ಲೂ ಅಂಕಿ ಫಲಕ ಮತ್ತು ಡಾಟ್ ಮ್ಯಾಟ್ರಿಕ್ಸ್ ಫಲಕಗಳಲ್ಲಿ, ಇದು ಹೆಚ್ಚಾಗಿ ಕಂಡುಬರುತ್ತದೆ. ಈ ಹೊಳಪಿನಿಂದ ಎಲ್‌ಇಡಿಗೆ ಸಾಮಾನ್ಯವಾಗಿ ಹಾನಿಯಿಲ್ಲ. ಆದರೆ ಅಂಕಿಗಳನ್ನು ತಪ್ಪಾಗಿ ಓದುವ ಸಂಭವವಿರುತ್ತದೆ ಮತ್ತು ಸೂಚಕ ದೀಪವನ್ನು ನಂಬಲಾಗದಂತಾಗುತ್ತದೆ. ಮನೆಯ ದೀಪಗಳಲ್ಲಿ ಇದು ಅಪಾಯಕಾರಿ ವೈರಿಂಗ್ ದೋಷದ ಸೂಚನೆಯೂ ಆಗಿರಬಹುದು.

ತತ್ವ

ತಂತಿ ಬಲ್ಬು ಬೆಳಗಬೇಕಾದರೆ ಅದರ ತಂತಿ ಕಾದು ಕೆಂಪಾಗಬೇಕು. ಅತ್ಯಲ್ಪ ವಿದ್ಯುತ್ ಪ್ರವಾಹದಿಂದ ಅದು ಬೆಳಗದು. ಎಲ್‌ಇಡಿಯು ಡಯೋಡ್ ಆದುದರಿಂದ ಅದರ ಮೂಲಕ ಹರಿಯುವ ಅತಿ ಸಣ್ಣ ಪ್ರವಾಹವೂ ಬೆಳಕನ್ನು ಉಂಟುಮಾಡಬಲ್ಲದು. ಸಾಮಾನ್ಯ ಸೂಚಕ ಎಲ್‌ಇಡಿಗಳನ್ನು ಸುಮಾರು 20 ಮಿಲಿಆಂಪಿಯರ್‌ವರೆಗೆ ಬಳಸುತ್ತಾರೆ. ಆದರೆ ಇಂದಿನ ಹೆಚ್ಚು ದಕ್ಷತೆಯ ಎಲ್‌ಇಡಿಗಳು ಕತ್ತಲೆಯಲ್ಲಿ ಕೆಲವೇ ಮೈಕ್ರೋಆಂಪಿಯರ್ ಪ್ರವಾಹಕ್ಕೂ ಕಣ್ಣಿಗೆ ಕಾಣುವಷ್ಟು ಬೆಳಗುತ್ತವೆ. ಮಾನವನ ಕಣ್ಣು ಬೆಳಕಿನ ಪ್ರಮಾಣಕ್ಕೆ ನೇರ ಅನುಪಾತದಲ್ಲಿ ಸ್ಪಂದಿಸುವುದಿಲ್ಲ. ಬೆಳಕು ನೂರನೆಯ ಒಂದು ಭಾಗಕ್ಕೆ ಇಳಿದರೂ ಕಣ್ಣಿಗೆ ಅಷ್ಟು ಇಳಿದಂತೆ ತೋರುವುದಿಲ್ಲ. ಆದ್ದರಿಂದ ಹಗಲಿನಲ್ಲಿ ಸರಿಯಾಗಿ ಕಂಡ ಫಲಕದ ದೋಷ ರಾತ್ರಿ ಬೆಳಕಿಗೆ ಬರುವುದುಂಟು.

ಕಾರಣಗಳು

ಸೋರಿಕೆ ಪ್ರವಾಹ: ಡ್ರೈವರ್ ಚಿಪ್‌ನ ಔಟ್‌ಪುಟ್ ಆರಿದ ಸ್ಥಿತಿಯಲ್ಲಿದ್ದರೂ ಅದರ ಮೂಲಕ ಅಲ್ಪ ಪ್ರವಾಹ ಹರಿಯುತ್ತದೆ. ಯುಎಲ್‌ಎನ್2003 ಮಾದರಿಯ ಡಾರ್ಲಿಂಗ್ಟನ್ ಚಿಪ್‌ಗಳಲ್ಲಿ 50 ವೋಲ್ಟ್‌ನಲ್ಲಿ ಇದರ ಗರಿಷ್ಠ ಮಿತಿ 50 ಮೈಕ್ರೋಆಂಪಿಯರ್. ವಾಸ್ತವದ ಸೋರಿಕೆ ಸಾಮಾನ್ಯವಾಗಿ ಇದಕ್ಕಿಂತ ಬಹಳ ಕಡಿಮೆ. ಉಷ್ಣತೆ ಏರಿದಂತೆ ಅದು ಹೆಚ್ಚುತ್ತದೆ. ಮಂಡಲ ಫಲಕದ ಮೇಲೆ ಉಳಿದ ಬೆಸುಗೆಯ ಫ್ಲಕ್ಸ್ ಮತ್ತು ತೇವಾಂಶಗಳೂ ಸೋರಿಕೆಯ ದಾರಿಗಳಾಗುತ್ತವೆ.

ವೋಲ್ಟೇಜ್ ವ್ಯತ್ಯಾಸ: ಎಲ್‌ಇಡಿಗೆ 5 ವೋಲ್ಟ್ ಪೂರೈಕೆಯಿದ್ದು ಮೈಕ್ರೋಕಂಟ್ರೋಲರ್ 3.3 ವೋಲ್ಟ್‌ನದಾಗಿದ್ದರೆ, ಪಿನ್ ತನ್ನ ಗರಿಷ್ಠ ಮಟ್ಟದಲ್ಲಿದ್ದಾಗಲೂ 1.7 ವೋಲ್ಟ್ ಉಳಿಯುತ್ತದೆ. ಕೆಂಪು ಎಲ್‌ಇಡಿ ಮಂದವಾಗಿ ಬೆಳಗಲು ಇಷ್ಟು ಸಾಕು. 5 ವೋಲ್ಟ್‌ಗೆ ಜೋಡಿಸಿದ ಪಿಎನ್‌ಪಿ ಟ್ರಾನ್ಸಿಸ್ಟರನ್ನು ಇಂತಹ ಪಿನ್ ನೇರವಾಗಿ ನಿಯಂತ್ರಿಸಿದರೆ, ಅದರ ಬೇಸ್ ಪ್ರವಾಹ ನಿಲ್ಲುವುದೇ ಇಲ್ಲ; ಟ್ರಾನ್ಸಿಸ್ಟರ್ ಎಂದಿಗೂ ಪೂರ್ತಿ ಆರುವುದಿಲ್ಲ.

ಮಲ್ಟಿಪ್ಲೆಕ್ಸಿಂಗ್: ಮ್ಯಾಟ್ರಿಕ್ಸ್ ಫಲಕದಲ್ಲಿ ಅಡ್ಡಸಾಲುಗಳನ್ನು ಒಂದೊಂದಾಗಿ, ಅತಿ ವೇಗದಲ್ಲಿ ಬೆಳಗಿಸಲಾಗುತ್ತದೆ. ಸಾಲಿನ ತಂತಿಯೂ ಅದಕ್ಕೆ ಜೋಡಿಸಿದ ಎಲ್‌ಇಡಿಗಳೂ ಸೇರಿ ಒಂದು ಸಣ್ಣ ಧಾರಕದಂತೆ ವರ್ತಿಸಿ ವಿದ್ಯುದಾವೇಶವನ್ನು ಹಿಡಿದಿಟ್ಟುಕೊಳ್ಳುತ್ತವೆ. ಸಾಲನ್ನು ಆರಿಸಿದ ಮೇಲೂ ಉಳಿದ ಈ ಆವೇಶ, ಮುಂದಿನ ಸಾಲಿಗಾಗಿ ತೆರೆದ ಕಂಬಸಾಲಿನ ಮೂಲಕ ಹರಿದುಹೋಗುವಾಗ ಹಳೆಯ ಸಾಲಿನ ಎಲ್‌ಇಡಿ ಮಿನುಗುತ್ತದೆ. ಉದಾಹರಣೆಗೆ, 1000 ಪಿಕೊಫ್ಯಾರಡ್ ಧಾರಕತೆಯ ಸಾಲು ಪ್ರತಿ ಸಲ 3 ವೋಲ್ಟ್‌ನಷ್ಟು ಇಳಿಯುತ್ತ ಸೆಕೆಂಡಿಗೆ 1000 ಬಾರಿ ಬರಿದಾದರೆ, ಸರಾಸರಿ 3 ಮೈಕ್ರೋಆಂಪಿಯರ್ ಪ್ರವಾಹ ಹರಿದಂತಾಗುತ್ತದೆ. ಸ್ಕ್ಯಾನ್ ವೇಗವನ್ನು ಹೆಚ್ಚಿಸಿದಷ್ಟೂ ದೋಷ ಹೆಚ್ಚುವುದಕ್ಕೆ ಇದೇ ಕಾರಣ.

ಪಿಡಬ್ಲ್ಯುಎಂ: ಕೆಲವು ಟೈಮರ್‌ಗಳಲ್ಲಿ ಬೆಲೆಯನ್ನು ಸೊನ್ನೆಗೆ ಇಳಿಸಿದರೂ ಔಟ್‌ಪುಟ್ ಸೊನ್ನೆಯಾಗುವುದಿಲ್ಲ. ಎಟಿಮೆಗಾ328ಪಿ ಮೈಕ್ರೋಕಂಟ್ರೋಲರ್‌ನ 8 ಬಿಟ್ ಟೈಮರ್, ವೇಗದ ಪಿಡಬ್ಲ್ಯುಎಂ ವಿಧಾನದಲ್ಲಿ, ಪ್ರತಿ ಆವರ್ತದಲ್ಲೂ 256ರಲ್ಲಿ ಒಂದು ಭಾಗದಷ್ಟು ಕಿರಿದಾದ ಮಿಡಿತವನ್ನು ಉಳಿಸುತ್ತದೆ. 20 ಮಿಲಿಆಂಪಿಯರ್‌ನ ಎಲ್‌ಇಡಿಯಲ್ಲಿ ಇದರ ಸರಾಸರಿ ಸುಮಾರು 78 ಮೈಕ್ರೋಆಂಪಿಯರ್.

ಪತ್ತೆಹಚ್ಚುವ ವಿಧಾನ

ಮೊದಲು ಪ್ರೋಗ್ರಾಂನಲ್ಲಿ ಸ್ಕ್ಯಾನಿಂಗ್ ಹಾಗೂ ಪಿಡಬ್ಲ್ಯುಎಂ ಎರಡನ್ನೂ ನಿಲ್ಲಿಸಿ, ಎಲ್ಲ ಔಟ್‌ಪುಟ್‌ಗಳನ್ನು ಆರಿದ ಸ್ಥಿತಿಯಲ್ಲಿ ಇರಿಸಬೇಕು. ಆಗಲೂ ಹೊಳಪು ಉಳಿದರೆ ಕಾರಣ ಸೋರಿಕೆ ಅಥವಾ ವೋಲ್ಟೇಜ್ ವ್ಯತ್ಯಾಸ. ಮಾಯವಾದರೆ ಸಮಯಕ್ಕೆ ಸಂಬಂಧಿಸಿದ ದೋಷ.

ಸ್ಥಿರ ಹೊಳಪಿದ್ದಾಗ ಎಲ್‌ಇಡಿಯೊಂದಿಗೆ ಸರಣಿಯಲ್ಲಿರುವ ರೋಧಕದ ಎರಡು ತುದಿಗಳ ನಡುವಿನ ವೋಲ್ಟೇಜನ್ನು ಮಲ್ಟಿಮೀಟರಿನಿಂದ ಅಳೆಯಬೇಕು. 330 ಓಮ್ ರೋಧಕದ ಮೇಲೆ 3.3 ಮಿಲಿವೋಲ್ಟ್ ಕಂಡರೆ ಪ್ರವಾಹ 10 ಮೈಕ್ರೋಆಂಪಿಯರ್. ಟಿಎಲ್‌ಸಿ5940ಯಂತಹ ಸ್ಥಿರಪ್ರವಾಹ ಚಿಪ್‌ಗಳಲ್ಲಿ ಸರಣಿ ರೋಧಕವಿರುವುದಿಲ್ಲ. ಅಲ್ಲಿ ತಾತ್ಕಾಲಿಕವಾಗಿ 1 ಕಿಲೋಓಮ್ ರೋಧಕವನ್ನು ಸೇರಿಸಿದರೆ ಪ್ರತಿ ಮಿಲಿವೋಲ್ಟ್ ಒಂದು ಮೈಕ್ರೋಆಂಪಿಯರನ್ನು ಸೂಚಿಸುತ್ತದೆ. ಅನಂತರ ಚಿಪ್‌ನ ಔಟ್‌ಪುಟ್ ತಂತಿಯನ್ನು ಬಿಚ್ಚಿ ನೋಡಬೇಕು. ಹೊಳಪು ಆಗಲೂ ಉಳಿದರೆ ದೋಷ ಚಿಪ್‌ನದಲ್ಲ.

ಮ್ಯಾಟ್ರಿಕ್ಸ್‌ನಲ್ಲಿ ಹೊಳಪಿನ ದಿಕ್ಕೇ ಕಾರಣವನ್ನು ತಿಳಿಸುತ್ತದೆ. ಮುಂದಿನ ಸಾಲಿನ ಚಿತ್ರ ಹಿಂದಿನ ಸಾಲಿನಲ್ಲಿ ಮಸುಕಾಗಿ ಕಂಡರೆ, ಹಿಂದಿನ ಸಾಲು ತಡವಾಗಿ ಆರುತ್ತಿದೆ ಅಥವಾ ಅದರಲ್ಲಿ ಆವೇಶ ಉಳಿದಿದೆ. ಹಿಂದಿನ ಸಾಲಿನ ಚಿತ್ರ ಮುಂದಿನ ಸಾಲಿನಲ್ಲಿ ಕಂಡರೆ, ಹೊಸ ದತ್ತಾಂಶ ಬರುವ ಮೊದಲೇ ಸಾಲು ಬೆಳಗಿದೆ ಅಥವಾ ಕಂಬಸಾಲಿನ ಧಾರಕತೆ ಎಲ್‌ಇಡಿಗಳ ಮೂಲಕ ತುಂಬಿಕೊಳ್ಳುತ್ತಿದೆ.

ಪರಿಹಾರಗಳು

* ಸೋರಿಕೆಯಿದ್ದಲ್ಲಿ ಎಲ್‌ಇಡಿಗೆ ಸಮಾಂತರವಾಗಿ ರೋಧಕವನ್ನು ಜೋಡಿಸಲಾಗುತ್ತದೆ. 50 ಮೈಕ್ರೋಆಂಪಿಯರ್ ಸೋರಿಕೆ 10 ಕಿಲೋಓಮ್ ಮೂಲಕ ಹರಿದಾಗ ಉಂಟಾಗುವುದು 0.5 ವೋಲ್ಟ್ ಮಾತ್ರ. ಇಷ್ಟರಲ್ಲಿ ಎಲ್‌ಇಡಿ ಬೆಳಗದು. ದೀಪ ಉರಿಯುವಾಗ 2 ವೋಲ್ಟ್‌ನಲ್ಲಿ ಈ ರೋಧಕದಿಂದಾಗುವ ನಷ್ಟ 0.2 ಮಿಲಿಆಂಪಿಯರ್.
* ವೋಲ್ಟೇಜ್ ವ್ಯತ್ಯಾಸವಿದ್ದಲ್ಲಿ ಮೈಕ್ರೋಕಂಟ್ರೋಲರ್ ಮತ್ತು ಪಿಎನ್‌ಪಿ ಟ್ರಾನ್ಸಿಸ್ಟರಿನ ನಡುವೆ ಎನ್‌ಪಿಎನ್ ಟ್ರಾನ್ಸಿಸ್ಟರನ್ನು ಸೇರಿಸಿ, ಪಿಎನ್‌ಪಿಯ ಬೇಸನ್ನು ರೋಧಕದ ಮೂಲಕ 5 ವೋಲ್ಟ್‌ಗೆ ಎಳೆಯಬೇಕು.
* ಮಲ್ಟಿಪ್ಲೆಕ್ಸಿಂಗ್‌ನಲ್ಲಿ ಸಾಲನ್ನು ಆರಿಸುವುದು, ಸ್ವಲ್ಪ ಕಾಯುವುದು, ದತ್ತಾಂಶ ಬದಲಿಸುವುದು, ಆಮೇಲೆ ಮುಂದಿನ ಸಾಲನ್ನು ಬೆಳಗಿಸುವುದು ಸರಿಯಾದ ಕ್ರಮ. ಸಾಲಿನಿಂದ ಭೂಸಂಪರ್ಕಕ್ಕೆ 10 ಕಿಲೋಓಮ್ ರೋಧಕವಿದ್ದರೆ, 1000 ಪಿಕೊಫ್ಯಾರಡ್‌ನ ಆವೇಶ ಸುಮಾರು 30 ಮೈಕ್ರೋಸೆಕೆಂಡಿನಲ್ಲಿ ಬಹುತೇಕ ಬರಿದಾಗುತ್ತದೆ. ಕೆಲವು ಡ್ರೈವರ್ ಚಿಪ್‌ಗಳಲ್ಲಿ ಇದಕ್ಕಾಗಿ ಆಂತರಿಕ ವ್ಯವಸ್ಥೆಯೇ ಇರುತ್ತದೆ.
* ಪಿಡಬ್ಲ್ಯುಎಂ ಬೆಲೆ ಸೊನ್ನೆಯಾದಾಗ ಟೈಮರಿನಿಂದ ಪಿನ್ನನ್ನು ಬೇರ್ಪಡಿಸಿ ನೇರವಾಗಿ ಆರಿಸಬೇಕು.
* ವಿದ್ಯುತ್ ಕೊಟ್ಟ ಕ್ಷಣದಲ್ಲಿ ಮಾತ್ರ ಹೊಳಪು ಕಂಡರೆ, ಟಿಎಲ್‌ಸಿ5940ಯ ಬ್ಲ್ಯಾಂಕ್ ಪಿನ್ ಅಥವಾ 74ಎಚ್‌ಸಿ595ರ ಔಟ್‌ಪುಟ್ ಎನೇಬಲ್ ಪಿನ್ನನ್ನು ರೋಧಕದ ಮೂಲಕ ಪೂರೈಕೆ ವೋಲ್ಟೇಜಿಗೆ ಎಳೆಯಬೇಕು.

ಮನೆಯ ಎಲ್‌ಇಡಿ ದೀಪಗಳಲ್ಲಿ

230 ವೋಲ್ಟ್, 50 ಹರ್ಟ್ಸ್ ಪೂರೈಕೆಯಲ್ಲಿ ಸ್ವಿಚ್ ಆರಿಸಿದ ಮೇಲೂ ಬಲ್ಬು ಮಂದವಾಗಿ ಹೊಳೆಯುವುದು ಅಥವಾ ಆಗಾಗ ಮಿಂಚುವುದು ಇದಕ್ಕೆ ಹತ್ತಿರದ ದೋಷ. ಜೊತೆಯಾಗಿ ಸಾಗುವ ತಂತಿಗಳ ನಡುವಿನ ಧಾರಕತೆ 1000 ಪಿಕೊಫ್ಯಾರಡ್‌ನಷ್ಟಿದ್ದರೆ ಸುಮಾರು 70 ಮೈಕ್ರೋಆಂಪಿಯರ್‌ವರೆಗೆ ಪ್ರವಾಹ ಹರಿಯಬಹುದು. ಸ್ವಿಚ್ಚಿನೊಳಗಿನ ನಿಯಾನ್ ಸೂಚಕವೂ ಇಂತಹುದೇ ದಾರಿಯನ್ನು ಒದಗಿಸುತ್ತದೆ.

ಸ್ವಿಚ್ಚನ್ನು ಫೇಸ್ ತಂತಿಗೆ ಬದಲಾಗಿ ನ್ಯೂಟ್ರಲ್ ತಂತಿಗೆ ಜೋಡಿಸಿದ್ದರೂ ಹೀಗಾಗುತ್ತದೆ. ಆಗ ಸ್ವಿಚ್ ಆರಿದ್ದರೂ ಹೋಲ್ಡರಿನಲ್ಲಿ ಪೂರ್ಣ ಫೇಸ್ ವೋಲ್ಟೇಜ್ ಇರುತ್ತದೆ. ಬಲ್ಬು ಬದಲಿಸುವವರಿಗೆ ಆಘಾತವಾಗುವ ಅಪಾಯವಿದೆ. ಆದ್ದರಿಂದ ಹೋಲ್ಡರನ್ನು ಮುಟ್ಟುವ ಮೊದಲು ಮುಖ್ಯ ಸ್ವಿಚ್ಚನ್ನು ಆರಿಸಬೇಕು ಹಾಗೂ ಅರ್ಹ ಎಲೆಕ್ಟ್ರಿಷಿಯನ್‌ನಿಂದ ವೈರಿಂಗ್ ಪರೀಕ್ಷೆ ಮಾಡಿಸಬೇಕು.

ಇವನ್ನೂ ನೋಡಿ

* ಬೆಳಕು ಸೂಸುವ ಡಯೋಡ್
* ಟ್ರಾನ್ಸಿಸ್ಟರ್
* ಧಾರಕತೆ