ಮರಿ ಹುಂಜವೋ ಹೇಂಟೆಯೋ?

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಿಗೆ ಮೋಟಾರ್ ಸೈಕಲ್ ಹಿಂದೆ ಬುಟ್ಟಿ ಕಟ್ಟಿಕೊಂಡು ಕೋಳಿಮರಿ ಮಾರುವವರು ಬರುತ್ತಾರೆ. "ಎಲ್ಲಾ ಹೇಂಟೇನ ಅವ ನೋಡ್ರಿ ಅಕ್ಕಾ, ಒಂದೂ ಹುಂಜ ಇಲ್ಲ" ಎಂಬುದು ಅವರ ಮಾತು. ನಮ್ಮ ಹೆಣ್ಣುಮಕ್ಕಳು ಸಂಘದ ಸಾಲದ ದುಡ್ಡು ಕೊಟ್ಟು ಹತ್ತು ಮರಿ ಹಿಡಿಯುತ್ತಾರೆ. ಮೂರ್ನಾಲ್ಕು ತಿಂಗಳು ಜೋಳ, ನುಚ್ಚು ಹಾಕಿ ಸಾಕಿದ ಮೇಲೆ ಒಂದು ಬೆಳಿಗ್ಗೆ ಅದರಲ್ಲಿ ಆರೇಳು ಕೂಗಲು ಶುರು! ಮೊಟ್ಟೆ ಮಾರಿ ಕಂತು ಕಟ್ಟುವ ಲೆಕ್ಕ ಅಲ್ಲಿಗೇ ತಪ್ಪಿತು.

ಒಂದು ಕಾವಿನ ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು, ಅರ್ಧ ಹೆಣ್ಣು. ಕಣ್ಣು ಮುಚ್ಚಿ ಹಿಡಿದ 10 ಮರಿಗಳೂ ಹೇಂಟೆಯೇ ಆಗುವುದು ಸಾವಿರ ಸಲದಲ್ಲಿ ಒಂದು ಸಲ. ಹಾಗಾದರೆ ಬುಟ್ಟಿಯವನ ಮಾತನ್ನು ಎಷ್ಟು ನಂಬಬೇಕು, ನೀವೇ ಹೇಳಿ. ಜಾತ್ರೆ, ಉರೂಸಿನಲ್ಲಿ ಸಿಗುವ ಹಸಿರು, ಗುಲಾಬಿ ಬಣ್ಣದ ಮರಿಗಳಂತೂ ಸಾಮಾನ್ಯವಾಗಿ ಮೊಟ್ಟೆಕೋಳಿ ಫಾರಂನವರು ಬೇಡವೆಂದು ಬಿಟ್ಟ ಗಂಡುಗಳೇ.

ಮರಿಯನ್ನು ತಲೆಕೆಳಗೆ ಹಿಡಿಯುವುದು, ದಾರಕ್ಕೆ ಸೂಜಿ ಕಟ್ಟಿ ತೂಗುವುದು, ಮೊನಚು ಮೊಟ್ಟೆಯಿಂದ ಹುಂಜ ಬರುತ್ತದೆ ಎನ್ನುವುದು, ಇವೆಲ್ಲ ಬರೀ ಮಾತು. ಮರಿಯ ಹಿಂಭಾಗ ಬಿಡಿಸಿ ನೋಡುವ ವಿದ್ಯೆಯನ್ನು ಜಪಾನಿನವರು 1920ರ ದಶಕದಲ್ಲಿ ರೂಢಿಗೆ ತಂದರು. ಅದನ್ನು ಹುಟ್ಟಿದ ಒಂದೆರಡು ದಿನದೊಳಗೆ, ಪಳಗಿದ ಕೈಯೇ ಮಾಡಬೇಕು. ಮನೆಯಲ್ಲಿ ಮಾಡಹೋದರೆ ಮರಿ ಸಾಯುತ್ತದೆ. ರೆಕ್ಕೆಯ ಗರಿ ನೋಡಿ ಹೇಳುವುದೂ ಉಂಟು: ಉದ್ದ ಗಿಡ್ಡ ಎರಡು ಸಾಲಿದ್ದರೆ ಹೆಣ್ಣು, ಒಂದೇ ಸಮ ಇದ್ದರೆ ಗಂಡು. ಆದರೆ ಅದಕ್ಕೆಂದೇ ಬೆಳೆಸಿದ ಫಾರಂ ತಳಿಗೆ ಮಾತ್ರ, ಅದೂ ಮೊದಲ ಎರಡು ಮೂರು ದಿನ. ನಾಟಿ ಮರಿಗೆ ಈ ಲೆಕ್ಕ ಹತ್ತುವುದಿಲ್ಲ.

ಶುದ್ಧ ತಳಿ ಕೊಳ್ಳುವವರಿಗೆ ಕಷ್ಟ ಇನ್ನೂ ಜಾಸ್ತಿ. ಅಸೀಲ್ ಎಂಬ ಅರಬಿ ಮಾತಿನ ಅರ್ಥವೇ ಮೂಲದ್ದು, ಶುದ್ಧವಾದದ್ದು. ಅದರ ಜುಟ್ಟು ಅವರೆಕಾಳಿನಂತೆ ಗಿಡ್ಡ, ಹಾಗಾಗಿ ಜುಟ್ಟು ನೋಡಿ ಹೇಳಲು ತಡವಾಗುತ್ತದೆ. ಮಧ್ಯಪ್ರದೇಶದ ಝಾಬುವಾದ ಕಡಕ್‌ನಾಥ್, 2018ರಲ್ಲಿ ಜಿಐ ಗುರುತು ಪಡೆದ ಕೋಳಿ, ಅದರ ಜುಟ್ಟೂ ಕಪ್ಪು. ಕೆಂಪು ಹುಡುಕಿದರೆ ಎಲ್ಲಿ ಸಿಕ್ಕೀತು? ಅಲ್ಲಿ ಬಣ್ಣ ಬಿಟ್ಟು ಜುಟ್ಟಿನ ಗಾತ್ರ, ಕಾಲಿನ ದಪ್ಪ ನೋಡಬೇಕು. ಅಂದಹಾಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಗಿರಿರಾಜ ಒಳ್ಳೆಯ ಕೋಳಿಯೇ, ಆದರೆ ಅದು ಮಿಶ್ರತಳಿ. ಶುದ್ಧ ತಳಿ ಎಂದು ಯಾರಾದರೂ ಹೆಚ್ಚು ರೇಟು ಕೇಳಿದರೆ ಕೊಡಬೇಡಿ.

ನನ್ನ ಮಟ್ಟಿಗೆ, ಮೊಟ್ಟೆಗಾಗಿ ಸಾಕುವವರು ದಿನದ ಮರಿ ಕೊಳ್ಳಲೇಬಾರದು. ಎಂಟು ವಾರ ದಾಟಿದ ಮರಿಗೆ ಸ್ವಲ್ಪ ಜಾಸ್ತಿ ದುಡ್ಡು ಹೋದರೂ ಚಿಂತೆಯಿಲ್ಲ. ಹನ್ನೆರಡು ವಾರದ್ದಾದರೆ ಇನ್ನೂ ಖಾತ್ರಿ. ಕುತ್ತಿಗೆಯ ಮೇಲೆ, ಬಾಲದ ಬುಡದಲ್ಲಿ ಗರಿ ಬಿಡಿಸಿ ನೋಡಿ: ತುದಿ ಮೊನಚಾಗಿ ಹೊಳೆದರೆ ಹುಂಜ, ದುಂಡಗಿದ್ದರೆ ಹೇಂಟೆ. ಸಣ್ಣ ಮರಿಯನ್ನೇ ಕೊಳ್ಳುವುದಾದರೆ, ಹುಂಜ ಬಂದರೆ ಬದಲಿ ಕೊಡುತ್ತೀಯಾ ಎಂದು ನಾಲ್ಕು ಜನರ ಮುಂದೆ ಕೇಳಿ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಮಾರುವುದು ನಮ್ಮ ದೀನಿನಲ್ಲಿ ವ್ಯಾಪಾರವಲ್ಲ, ಮೋಸ. ಇದು ಮಾರುವ ನಮ್ಮವರಿಗೂ ಸೇರಿದ ಮಾತು. ಬದಲಿ ಕೊಡಲು ಒಪ್ಪದವನ ಹತ್ತಿರ ಅರ್ಧ ಹುಂಜ ಎಂದೇ ಲೆಕ್ಕ ಹಿಡಿದು ರೇಟು ಮಾತಾಡಿ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು, ಉಳಿದವು ಬಕ್ರೀದ್ ಮುಗಿದು ಮಟನ್ ಸಾಕೆನಿಸಿದಾಗ ಒಳ್ಳೆಯ ಬೆಲೆಗೆ ಹೋಗುತ್ತವೆ.